ರಾಯಚೂರಿನಲ್ಲಿ ಬಿಸಿಯ ಅಭಾವ

ಕಳೆದ ಚಳಿಗಾಲದಲ್ಲಿ ರಾಯಚೂರು ನಗರದಲ್ಲಿ ಬಿಸಿಯ ತೀವ್ರ ಅಭಾವ ತಲೆದೋರಿತು. ಪತ್ರಿಕೆಗಳು ಇದನ್ನು ಗಮನಿಸಲಿಲ್ಲ. ಯಾವ ಪಕ್ಷದವರೂ ಹೇಳಿಕೆ ಕೊಡಲಿಲ್ಲ. ಅಭಾವವು ನಮ್ಮ ಮನೆಯ ಹಿಂದಿನ ಕೋಣೆಗೆ, ಅದರಲ್ಲೂ ನೆಲದಿಂದ ಒಂದು ಗೇಣು ಎತ್ತರದವರೆಗೆ ಮಾತ್ರ ಸೀಮಿತವಾಗಿದ್ದುದು ಇದಕ್ಕೆ ಕಾರಣವಿರಬೇಕು. ಇಂಥವು ನಮ್ಮ ಮನೆಯಲ್ಲಿ ನಡೆಯುತ್ತಲೇ ಇರುತ್ತವೆ. ಊರಿಗೆಲ್ಲ ನೀರಿಲ್ಲದಾಗ ನಮ್ಮ ಮಾಳಿಗೆ ಸೋರುತ್ತದೆ. ವರ್ಷದ ಒಂಬತ್ತು ತಿಂಗಳು ಬಿಸಿಲಿಗೆ ಬೈಯುವ ಊರಿನಲ್ಲಿ ನಾವು ಚೀಲ ಹಿಡಿದುಕೊಂಡು ಬಿಸಿ ಕೊಳ್ಳಲು ಬಜಾರಿಗೆ ಹೋಗುತ್ತೇವೆ.

ಬಿಸಿ ಬೇಕಾಗಿದ್ದು ನಮಗಲ್ಲ, ಕೋಳಿಮರಿಗಳಿಗೆ.

ನನ್ನ ಹೆಂಡತಿ ಹೊಲಿಗೆ ಕೇಂದ್ರದ ಕೆಲಸ ಬಿಟ್ಟ ಮೇಲೆ ಒಂದು ಯೋಜನೆ ಹಾಕಿಕೊಂಡಳು. ಹಳ್ಳಿಯ ಹೆಂಗಸರು ಮೊಟ್ಟೆಯೊಡೆದು ಬಂದ ಮರುದಿನದ ಮರಿಗಳನ್ನು ಒಯ್ದು ಸಾಕಲು ಹೋಗುತ್ತಾರೆ. ಮೊದಲ ವಾರದಲ್ಲೇ ಥಂಡಿಗೆ ಅರ್ಧ ಸಾಯುತ್ತವೆ. ಇವಳು ಅವನ್ನು ಒಂದು ತಿಂಗಳು ಬೆಚ್ಚಗೆ ಬೆಳೆಸಿ, ರೆಕ್ಕೆಗೆ ಗರಿ ಬಂದ ಮೇಲೆ ಕೊಡುವುದು. ಒಯ್ಯಲು ಒಪ್ಪಿದವರು ದೇವದುರ್ಗದ ಕಡೆ ಇರುವ ಅವಳ ತವರೂರು ಜಾಲಹಳ್ಳಿಯ ಹೆಂಗಸರ ಗುಂಪು. ಮೊದಲ ತಂಡವನ್ನು ಇವಳು ಚೌಕನೆಯ ರಟ್ಟಿನ ಡಬ್ಬಿಯಲ್ಲಿ, ಮೇಲೆ ಹಳೆಯ ಸೀರೆ ಹೊದಿಸಿ ಇಟ್ಟಳು. ಥಂಡಿ ಹತ್ತಿದ ಮರಿಗಳು ಒಂದರ ಮೇಲೊಂದು ಬಿದ್ದು ಮೂಲೆಗೆ ಸೇರಿದವು. ಕೆಳಗಿನವಕ್ಕೆ ಉಸಿರು ಸಿಗಲಿಲ್ಲ, ಮೇಲಿನವಕ್ಕೆ ಬಿಸಿ ಸಿಗಲಿಲ್ಲ.

ಗುಂಪಿನ ಹಿರಿಯಳು ಫೋನಿನಲ್ಲಿ ಹೇಳಿದ್ದು ಇಷ್ಟು: "ಯವ್ವಾ, ಈ ಸಲ ನಿನ್ನ ಕಡಿಂದ ನಮಗ ಬಂದಿದ್ದು ಮರಿ ಅಲ್ಲ, ಸುದ್ದಿ. ಇನ್ನೊಮ್ಮಿ ನೋಡ್ತೀವಿ. ಅವೂ ಹ್ವಾದ್ವು ಅಂದ್ರ, ನೀ ತವರಿಗಿ ಬಾ, ಹೋಳಿಗಿ ಉಂಡು ಹೋಗು. ಕೋಳಿ ಮಾತು ಮಾತ್ರ ತಗೀಬ್ಯಾಡ."

ತವರಿನಲ್ಲಿ ಒಂದು ಮಾತು ತೆಗೆಯಬಾರದು ಎಂದರೆ ಹೆಣ್ಣುಮಗಳಿಗೆ ಅದು ಸಣ್ಣದಲ್ಲ. ಇತ್ತ ಮನೆಯಲ್ಲಿ ನಮ್ಮ ಅವ್ವ ಬೇರೆ ಕಾದು ಕೂತಿದ್ದಳು. ಕಲ್ಮಲದಲ್ಲಿ ಹುಟ್ಟಿ ಬೆಳೆದ ಅವಳು ಬುಟ್ಟಿ ಬುಟ್ಟಿ ಮರಿ ಕಂಡವಳು. "ತಾಯಿ ರೆಕ್ಕಿ ಕೆಳಗ ಇರಬೇಕಾದ್ದು ಕೋಣ್ಯಾಗ ಬದುಕತಾವೇನು? ಈ ಸಲನೂ ಸತ್ತ್ರ ಆ ಕೋಣ್ಯಾಗ ನನ್ನ ಮಂಚ ಹಾಕ್ರಿ."

"ಹಂಗಾರ ತಾಯಿಕೋಳಿನೇ ತರೂಣೇನ್ರಿ ಅತ್ತಿ?" ಎಂದಳು ನನ್ನ ಹೆಂಡತಿ.

"ಒಂದು ಕೋಳಿ ರೆಕ್ಕ್ಯಾಗ ಹತ್ತೋ ಹನ್ನೆರಡೋ ಹಿಡೀತಾವ. ನಿನ್ನ ಸಂತಿಗಿ ಎಲ್ಲಿ ಸಾಲ್ತದ?"

ಆದ್ದರಿಂದ ತಾಯಿಯ ಬದಲಿಗೆ ಬಿಸಿ ಕೊಡುವ ಇನ್ನೇನಾದರೂ ಬೇಕಾಯಿತು. ಹೆಂಡತಿ ನನಗೆ ಮೂರು ಷರತ್ತು ಹೇಳಿದಳು: ಬೆಂಕಿ ಹತ್ತಬಾರದು, ಹೊಗೆ ಆಡಬಾರದು, ಬಿಸಿ ಬರಬೇಕು. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಮನುಷ್ಯ ಬೆಂಕಿ ಕಂಡುಹಿಡಿದದ್ದು ನನ್ನ ಪಾಠದಲ್ಲಿ ಅರ್ಧ ಪುಟದಲ್ಲಿ ಮುಗಿಯುತ್ತದೆ. ಈ ಸಲ ಅಷ್ಟರಲ್ಲಿ ಮುಗಿಯಲಿಲ್ಲ.

ಮಜ್ಜಿಗೆಯಂಥ ಬಲ್ಬು

ಮೊದಲು ಬಜಾರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

"ಬಲ್ಬ್ ಬೇಕಾಗಿತ್ತು. ಬಿಸಿ ಆಗೋದು."

ಅಂಗಡಿಯವನು ಕೈಯಲ್ಲಿದ್ದ ವೈರಿನ ಸುರುಳಿ ಕೆಳಗಿಟ್ಟ. "ನಮ್ಮ ಬಲ್ಬ್ ಬಿಸಿ ಆಗ್ತಾವಂತ ಯಾರು ಹೇಳಿದ್ರು ಸರ್ ನಿಮಗ?"

"ಯಾರೂ ಹೇಳಿಲ್ಲ. ನನಗೇ ಬಿಸಿ ಆಗೋದು ಬೇಕು."

"ಆಗಾಂಗಿಲ್ರಿ. ಗ್ಯಾರಂಟಿ ಅದ." ಅವನು ಒಂದು ಬಲ್ಬು ಹೊತ್ತಿಸಿದ, ಒಂದಷ್ಟು ಹೊತ್ತು ಉರಿಯಲು ಬಿಟ್ಟ, ಆಮೇಲೆ ಬಿಚ್ಚಿ ನನ್ನ ಕೈಗೆ ಕೊಟ್ಟ. "ಗಲ್ಲಕ್ಕ ಹಚ್ಚಿ ನೋಡ್ರಿ. ಮಜ್ಜಿಗಿ ಇದ್ದಂಗ ಅದ."

ನಾನು ಹಚ್ಚಿಕೊಂಡೆ. ಅವನು ಹೇಳಿದ್ದು ನಿಜವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಗಿರಾಕಿಯೂ ತನ್ನ ಗಲ್ಲ ಮುಂದೆ ತಂದ, ಅವನಿಗೂ ತಣ್ಣಗಾಯಿತು.

ಹಳೆಯ ಕಾಲದ ತಂತಿ ಬಲ್ಬು ಬೇಕು, ನೂರು ಕ್ಯಾಂಡಲಿನದು ಎಂದು ಬಿಡಿಸಿ ಹೇಳಿದೆ. ಅಂಗಡಿಯವನು ಹಲ್ಲು ನೋವಿನ ಮುಖ ಮಾಡಿದ. "ಅವನ್ನ ಇಡಾದು ಬಿಟ್ಟೀವ್ರಿ. ಬ್ಯಾಸಿಗ್ಯಾಗ ಆ ಬಲ್ಬ್ ಹಚ್ಚಿದ್ರ ಮಂದಿ ಮನಿ ಬಿಟ್ಟು ಕಟ್ಟಿ ಮ್ಯಾಲ ಕುಂದ್ರತಿದ್ರು. ಬೇಕಾದ್ರ ಇದು ಒಯ್ರಿ, ಹಳದಿ ಬೆಳಕು. ನೋಡಾಕ ಬಿಸಿ ಕಾಣ್ತದ, ಮುಟ್ಟಿದ್ರ ತಂಪು. ಯಾರಿಗ್ರಿ ಇದು?"

"ಕೋಳಿಮರಿಗಿ."

ಅವನು ವೈರಿನ ಸುರುಳಿ ಮತ್ತೆ ಎತ್ತಿಕೊಂಡ. ವ್ಯಾಪಾರ ಬಿಟ್ಟು ಸ್ನೇಹದ ದನಿಯಲ್ಲಿ ಹೇಳಿದ:

"ಏಪ್ರಿಲ್‌ತನಾ ತಡೀರಿ ಸರ್. ಪುಕ್ಕಟೆ ಬರ್ತದ."

ಉಲ್ಟಾ ಕೂಲರ್

ರಾಯಚೂರಿನಲ್ಲಿ ಬಿಸಿ ಮಾಡುವ ಮೇಸ್ತ್ರಿಗಳಿಲ್ಲ. ತಂಪು ಮಾಡುವವರು ಓಣಿಗೊಬ್ಬರಿದ್ದಾರೆ. ಬೇಸಿಗೆಯಲ್ಲಿ ನಮ್ಮ ಕೂಲರ್ ಮೇಸ್ತ್ರಿ ಡಾಕ್ಟರಿಗಿಂತ ಮೊದಲು ಮನೆಯೊಳಗೆ ಬರುತ್ತಾನೆ, ಚಪ್ಪಲಿ ಹಾಕಿಕೊಂಡೇ ಬರುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಚಳಿಗಾಲದಲ್ಲಿ ಅವನಿಗೆ ಕೆಲಸ ಕಡಿಮೆ. ನಮ್ಮ ತೊಂದರೆ ಕೇಳಿ ಅವನ ಕಣ್ಣು ಹೊಳೆದವು.

"ಕೂಲರ್ ಅಂದ್ರೇನ್ರಿ ಸರ್? ಹೊರಗಿನ ಬಿಸಿ ಗಾಳಿ ಒಳಗ ಬರ್ತದ, ತಂಪಾಗ್ತದ. ಅದನ್ನ ಉಲ್ಟಾ ಮಾಡಿದ್ರ?"

ನಾನು ಇತಿಹಾಸದವನು. ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

"ಉಲ್ಟಾ ಮಾಡಿದ್ರ ಒಳಗಿನ ಗಾಳಿ ಹೊರಗ ಹೋಗ್ತದ," ಎಂದಳು ನನ್ನ ಹೆಂಡತಿ. "ಬಿಸಿ ಒಳಗ ಹ್ಯಾಂಗ ಬರ್ತದ?"

"ಅದು ಎರಡನೇ ಹಂತ ರೀ ಅಕ್ಕೋರ. ಮೊದಲನೇದು ಆಗ್ಲಿ."

ಅವನು ಹುಲ್ಲಿನ ಪರದೆ ಬಿಚ್ಚಿದ, ರೆಕ್ಕೆ ತಿರುಗಿಸಿ ಕೂರಿಸಿದ, ಏನೇನೋ ವೈರು ಅದಲು ಬದಲು ಮಾಡಿ ಗುಂಡಿ ಒತ್ತಿದ. ಕೂಲರು ಭೋರೆಂದಿತು. ಕೋಣೆಯಲ್ಲಿ ಇದ್ದಬದ್ದ ಬಿಸಿಯೆಲ್ಲ ಕಿಟಕಿಯಿಂದ ಓಣಿಗೆ ಹೋಯಿತು. ಅಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಪೇಪರು ಓದುತ್ತಿದ್ದ ಪಕ್ಕದ ಮನೆಯ ಆಚಾರ್ಯರ ಕೈಯಿಂದ ಪೇಪರಿನ ಮಧ್ಯದ ಹಾಳೆ ಎದ್ದು ಹೋಯಿತು. ಬಾಗಿಲಿನ ಸಂದಿಯಿಂದ ಹೊರಗಿನ ಥಂಡಿ ಒಳಗೆ ಬರತೊಡಗಿತು. ಎರಡನೇ ಹಂತ ಇದೇ ಇರಬೇಕೆಂದು ನಾವು ನಿಂತುಕೊಂಡೆವು.

ಮೇಸ್ತ್ರಿ ಕೋಣೆಯ ನಡುವೆ ನಿಂತು ಎರಡೂ ಕೈ ಚಾಚಿದ. ಅವನ ಮುಖ ಅರಳಿತು.

"ಸರ್, ಡಿಸೆಂಬರ್‌ದಾಗ ಇಂಥಾ ತಂಪು ರಾಯಚೂರಾಗ ಯಾರೂ ಮಾಡಿ ತೋರ್ಸಿಲ್ರಿ."

ದೇವದುರ್ಗದ ಕಿಟಕಿಗಳು

ದೇವದುರ್ಗದ ಹೊರಗೆ ಒಬ್ಬ ಪರಿಚಯದವರು ದೊಡ್ಡ ಶೆಡ್ಡಿನಲ್ಲಿ ಕೋಳಿ ಸಾಕುತ್ತಾರೆ. ಅನುಭವ ಇರುವವರನ್ನು ಕೇಳುವುದು ಒಳ್ಳೆಯದೆಂದು ನಾನೂ ಹೆಂಡತಿಯೂ ಬಸ್ಸು ಹತ್ತಿ ಹೋದೆವು. ಅವರು ಶೆಡ್ಡಿನ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಮಫ್ಲರ್ ಕಟ್ಟಿಕೊಂಡು ಕೂತಿದ್ದರು. ಕಣ್ಣು ಕೆಂಪಗಿದ್ದವು. ಒಳಗೆ ಕಬ್ಬಿಣದ ಡ್ರಮ್ಮಿನಲ್ಲಿ ಇದ್ದಲಿ ಉರಿಯುತ್ತಿತ್ತು.

"ಬಿಸಿ ಅಂದ್ರ ಇದು ಬಿಸಿ," ಎಂದರು. "ಕರೆಂಟಿನ ಹಂಗಿಲ್ಲ."

ನನ್ನ ಹೆಂಡತಿ ಒಳಗೆ ಇಣುಕಿ ಮೂಗಿಗೆ ಸೆರಗು ಹಿಡಿದಳು. "ಹೊಗಿಗಿ ಮರಿ ಸಾಯಾಂಗಿಲ್ಲೇನ್ರಿ ಅಣ್ಣಾರ?"

"ಸಾಯ್ತಾವ. ಅದಕ್ಕ ಕಿಟಕಿ ಮಾಡ್ಸೀವಿ."

"ಕಿಟಕಿ ತಗದ್ರ ಥಂಡಿ ಬರಾಂಗಿಲ್ಲೇನು?"

"ಬರ್ತದ. ಅದಕ್ಕ ಇದ್ದಲಿ ಜಾಸ್ತಿ ಹಾಕ್ತೀವಿ."

"ಇದ್ದಲಿ ಜಾಸ್ತಿ ಹಾಕಿದ್ರ ಹೊಗಿ?"

"ಜಾಸ್ತಿ ಆಗ್ತದ. ಅದಕ್ಕ ಈ ಕಡಿ ಇನ್ನೆರಡು ಕಿಟಕಿ ಮಾಡ್ಸಿದ್ವಿ."

"ಆಮ್ಯಾಲ?"

"ಆಮ್ಯಾಲ ಥಂಡಿ," ಎಂದರು ಅವರು, ನಮ್ಮ ತಿಳಿವಳಿಕೆಯನ್ನು ಮೆಚ್ಚಿಕೊಳ್ಳುತ್ತ. "ತಂಗೆವ್ವಗ ಈ ಧಂದೆ ಛಲೋ ತಿಳದದ ನೋಡ್ರಿ."

ಮುಚ್ಚಿದ ಕೋಣೆಯಲ್ಲಿ ಇದ್ದಲಿಯ ಗಾಳಿ ವಾಸನೆ ಕೊಡದೆ ಕೊಲ್ಲುತ್ತದೆ, ಮರಿಗಳನ್ನಷ್ಟೇ ಅಲ್ಲ ಕಾಯುವವರನ್ನೂ ಎಂದು ನನ್ನ ಹೆಂಡತಿ ಎಲ್ಲೋ ಕೇಳಿದ್ದಳು. ಎರಡನೇ ಷರತ್ತು ಹಾಕಿದ್ದು ಅದಕ್ಕೇ. ಇದ್ದಲಿಯ ಮಾತು ಅಲ್ಲಿಗೆ ಮುಗಿಯಿತು. ಹೊರಡುವಾಗ ನಾನು ಶೆಡ್ಡನ್ನು ಒಂದು ಸುತ್ತು ಹಾಕಿ ಬಂದೆ. ಮೂರು ಕಡೆ ಕಿಟಕಿಗಳೇ ಇದ್ದವು. ಗೋಡೆ ಎನ್ನಬಹುದಾದದ್ದು ಒಂದೇ ಉಳಿದಿತ್ತು. ಅದರ ಮೇಲೂ ಸುಣ್ಣದಿಂದ ಎರಡು ಚೌಕ ಬರೆದಿದ್ದರು.

ಮಾನ್ವಿಯ ಟ್ರಂಕು

ಪೇಪರು ಹಾರಿದ ದಿನ ಪಕ್ಕದ ಮನೆಯ ಆಚಾರ್ಯರು ಏನಾಯಿತೆಂದು ವಿಚಾರಿಸಲು ನಮ್ಮ ಮನೆಗೆ ಬಂದರು. ಅಲ್ಲಿಂದ ಅವರಿಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿತು. ಅವರು ನಿವೃತ್ತ ಶಾಲಾ ಮಾಸ್ತರರು, ಮಾನ್ವಿ ಕಡೆಯವರು, ಬೆಳಿಗ್ಗೆ ಪೂಜೆ ಮುಗಿಯದೆ ನೀರು ಮುಟ್ಟದವರು. ನಮ್ಮಲ್ಲಿ ಚಹಾ ಕುಡಿಯುತ್ತಿದ್ದರು. ಮೊಟ್ಟೆ ಎಂಬ ಶಬ್ದವನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ, 'ಆ ಪದಾರ್ಥ' ಎನ್ನುತ್ತಿದ್ದರು.

"ತಂತಿ ಬಲ್ಬ್ ಬೇಕೇನ್ರಿ? ಮಾನ್ವ್ಯಾಗ ನಮ್ಮಣ್ಣನ ಹತ್ರ ಟ್ರಂಕ್ ತುಂಬ ಅವ. ಹೊಸ ಬಲ್ಬ್ ಬಂದಾಗ, ಇವು ಬಾಳೂದಿಲ್ಲ, ಹಳೇವು ಮತ್ತ ಬರ್ತಾವ ಅಂತ ಕೂಡಿಸಿ ಇಟ್ಟಾನ. ಹೋಗಿ ಕೇಳ್ರಿ, ಕೊಡ್ತಾನ. ಆದ್ರ ಕೋಳಿಗೆ ಅಂತ ಹೇಳಬ್ಯಾಡ್ರಿ. ಅಂವಾ ಭಾಳ ಮಡಿ ಮನುಷ್ಯಾ."

"ಮತ್ತ ಏನಂತ ಹೇಳ್ಲಿ?"

"ಮಕ್ಕಳಿಗೆ ಅಂತ ಹೇಳ್ರಿ. ಮರಿ ಅಂದ್ರೂ ಮಕ್ಕಳೇ ಅಲ್ಲೇನು?"

ಮಾನ್ವಿಯ ಅಣ್ಣನವರು ಇನ್ನೂ ಹಿರಿಯರು, ಇನ್ನೂ ತೆಳ್ಳಗಿನವರು, ಅವರೂ ನಿವೃತ್ತ ಮಾಸ್ತರರೇ. ಟ್ರಂಕಿನ ಮೇಲೆಯೇ ಕೂತು ವಿಚಾರಣೆ ನಡೆಸಿದರು.

"ಮಕ್ಕಳಿಗೇನು? ಎಷ್ಟು ಮಂದಿ?"

"ನೂರರ ಹತ್ರ ಆಗ್ಬಹುದ್ರಿ."

"ಹಾಸ್ಟೆಲ್ಲೇನು?"

"ಹಂಗೇ ಅನ್ನಬಹುದು."

"ತಂದಿ ತಾಯಿ?"

"ಇಲ್ರಿ. ಯಾರೂ ಇಲ್ಲ."

"ರಾಮ ರಾಮಾ." ಅವರು ಎದ್ದು ಟ್ರಂಕು ತೆರೆದರು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಬಲ್ಬುಗಳು ಸಾಲಾಗಿ ಮಲಗಿದ್ದವು. "ಊಟಕ್ಕೇನು ಕೊಡ್ತೀರಿ?"

"ನುಚ್ಚು ರೀ."

"ಮೂರೂ ಹೊತ್ತು?"

"ಅವಕ್ಕ ಅದೇ ಸೇರ್ತದ."

ಅವರು ಒಂದೊಂದೇ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ತಂತಿ ಮುರಿಯದವನ್ನು ಆರಿಸಿ ನನ್ನ ಚೀಲಕ್ಕೆ ಹಾಕಿದರು. ನನಗೆ ನಾಚಿಕೆಯಾಗುತ್ತಿತ್ತು. ಬಾಗಿಲ ತನಕ ಬಂದು ಕಳಿಸಿಕೊಟ್ಟವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಬಲ್ಬ್ ವೈರಿನ ಮ್ಯಾಲೆ ಜೋತು ಬಿಡಬ್ಯಾಡ್ರಿ, ಸರಪಳಿಲೆ ಕಟ್ರಿ. ವೈರ್ ಕಡಿದು ಕೆಳಗ ಹಾಸಿದ ಹೊಟ್ಟಿನ ಮ್ಯಾಲೆ ಬಿತ್ತಂದ್ರ ಬೆಂಕಿ ಹತ್ತತದ. ಸುತ್ತ ಜಾಳಿಗಿ ಇರ್ಲಿ. ಎರಡು ಹಚ್ಚ್ರಿ, ಒಂದು ಹೋದ್ರ ಒಂದಿರ್ತದ. ಮತ್ತ ಚೌಕ ಡಬ್ಬಿ ಬ್ಯಾಡ, ತಗಡು ದುಂಡಗ ಬಗ್ಗಿಸಿ ನಿಲ್ಲಿಸ್ರಿ. ಮೂಲಿ ಇದ್ದಲ್ಲಿ ಮರಿ ಒಂದರ ಮ್ಯಾಲೊಂದು ಬಿದ್ದು ಸಾಯ್ತಾವ."

ಮರಿ ಎಂಬ ಶಬ್ದವನ್ನು ನಾನು ಎಲ್ಲೂ ಆಡಿರಲಿಲ್ಲ.

"ಮಸರಕಲ್‌ದಾಗ ಮಾಸ್ತರಿಕಿ ಮಾಡುವಾಗ ಬಾಡಿಗಿ ಮನಿ ಮಾಲಕರು ಸಾಕ್ತಿದ್ರು. ಸಾಲಿ ಬಿಟ್ಟ ಮ್ಯಾಲೆ ನೋಡ್ಕೋತ ಕೂಡ್ತಿದ್ದೆ," ಎಂದರು ಅವರು. "ನಮ್ಮ ತಮ್ಮಗ ಮಾತ್ರ ಹೇಳಬ್ಯಾಡ್ರಿ. ಅಂವಾ ಭಾಳ ಮಡಿ ಮನುಷ್ಯಾ."

ಹತ್ತು ಗಂಟೆಯ ಮುದ್ದೆ

ಹಿಂದಿನ ಕೋಣೆಯಲ್ಲಿ ತಗಡು ದುಂಡಗೆ ನಿಂತಿತು. ರೈಸ್ ಮಿಲ್ಲಿನ ಹೊಟ್ಟು ಹಾಸಿ, ಮೊದಲ ದಿನಗಳಿಗೆ ಮೇಲೆ ಪೇಪರು ಹರಡಿದೆವು. ಮೇಲಿನ ಕೊಕ್ಕೆಯಿಂದ ಸರಪಳಿ, ಸರಪಳಿಗೆ ಜಾಳಿಗೆ, ಜಾಳಿಗೆಯೊಳಗೆ ಮಾನ್ವಿಯ ಎರಡು ಬಲ್ಬು. ಕರೆಂಟು ಹೋದಾಗ ಇಡಲು ಬಿಸಿನೀರಿನ ಬಾಟಲಿಗಳಿಗೆ ಗೋಣಿಯ ತುಂಡಿನ ಅಂಗಿ ಹೊಲಿದದ್ದು ನನ್ನ ಹೆಂಡತಿ. ಹೊಲಿಗೆ ಕೇಂದ್ರದ ಅನುಭವ ಎಲ್ಲೂ ವ್ಯರ್ಥವಾಗುವುದಿಲ್ಲ.

ಮರಿಗಳು ಬಂದವು. ಅವುಗಳಿಗೆ ಥರ್ಮಾಮೀಟರ್ ಬೇಡ, ಅವೇ ಥರ್ಮಾಮೀಟರ್ ಎಂಬುದು ಒಂದೇ ದಿನದಲ್ಲಿ ತಿಳಿಯಿತು. ಬಿಸಿ ಹೆಚ್ಚಾದರೆ ತಗಡಿನ ಅಂಚಿಗೆ ಓಡಿ ಬಾಯಿ ತೆರೆಯುತ್ತವೆ. ಆಗ ಸರಪಳಿಯನ್ನು ಒಂದು ಕೊಂಡಿ ಮೇಲಕ್ಕೆತ್ತಬೇಕು. ಥಂಡಿಯಾದರೆ ಬಲ್ಬಿನ ಕೆಳಗೆ ಒತ್ತೊತ್ತಾಗಿ ಮುದ್ದೆಯಾಗುತ್ತವೆ, ಆಗ ಇಳಿಸಬೇಕು. ಎಲ್ಲ ಸರಿ ಇದ್ದರೆ ಕಾಳು ಚೆಲ್ಲಿದ ಹಾಗೆ ಹರಡಿಕೊಂಡು ತಮ್ಮ ಪಾಡಿಗೆ ಕೆದರುತ್ತವೆ. ನಮ್ಮವು ಕಾಳು ಚೆಲ್ಲಿದ ಹಾಗೇ ಇದ್ದವು.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತೊಂದನ್ನು ಬಿಟ್ಟು.

ಆ ಹೊತ್ತಿಗೆ ಸರಿಯಾಗಿ ಎಲ್ಲವೂ ಮುದ್ದೆಯಾಗುತ್ತಿದ್ದವು. ಬಲ್ಬುಗಳು ಉರಿಯುತ್ತಿದ್ದವು, ಹೊರಗೆ ಬಿಸಿಲು ಏರುತ್ತಿತ್ತು, ಆದರೂ ಮುದ್ದೆ. ನನ್ನ ಹೆಂಡತಿ ಅಡುಗೆ ಮುಗಿಸಿ ಬಂದು ನೋಡಿ, ಒತ್ತಿಕೊಂಡವನ್ನು ಕೈಯಿಂದ ಬಿಡಿಸಿ ಬಿಡಿಸಿ ಇಡುತ್ತಿದ್ದಳು. ಅವಳ ಮುಖದಲ್ಲಿ ಹಳೆಯ ರಟ್ಟಿನ ಡಬ್ಬಿ ಕಾಣುತ್ತಿತ್ತು. ವೋಲ್ಟೇಜು ಇಳಿಯುತ್ತದೆ ಎಂದು ನಾನು ಹೇಳಿದೆ. ತಾಯಿಯ ನೆನಪಾಗುತ್ತದೆ ಎಂದು ಅವ್ವ ಹೇಳಿದಳು. ದಿನಾ ಪೂಜೆ ಮುಗಿಸಿ ಮರಿ ನೋಡಲು ಬರುತ್ತಿದ್ದ ಆಚಾರ್ಯರು, ಶನಿವಾರ ಬಿಟ್ಟರೆ ಅದು ರಾಹುಕಾಲದ ಹೊತ್ತಲ್ಲ, ನಾನು ಪಂಚಾಂಗ ನೋಡಿದ್ದೇನೆ ಎಂದರು.

ಭಾನುವಾರ ಕಾಲೇಜಿಲ್ಲ. ನಾನು ಬಾಗಿಲ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

ಹತ್ತು ಗಂಟೆಗೆ ಆಚಾರ್ಯರು ಬಂದರು. "ಬರ್ರಿ ಆಚಾರ್ರ, ಕೂಡ್ರಿ," ಎಂದು ಅವ್ವ ಕುರ್ಚಿ ಸರಿಸಿದಳು. ಅದೇ ಗಳಿಗೆಯಲ್ಲಿ ಅವಳ ಇನ್ನೊಂದು ಕೈ ಗೋಡೆಗೆ ಹೋಗಿ ಫ್ಯಾನು ಹಾಕಿತು. ಅವಳು ಹಾಕಲಿಲ್ಲ, ಕೈ ಹಾಕಿತು. ರಾಯಚೂರಿನಲ್ಲಿ ಮನೆಗೆ ಬಂದವರಿಗೆ ಮೊದಲು ಫ್ಯಾನು, ಆಮೇಲೆ ನೀರು, ಆಮೇಲೆ ಆರಾಮಿದ್ದೀರೇನ್ರಿ. ಈ ಕ್ರಮ ಯಾವ ಋತುವಿಗೂ ಬದಲಾಗುವುದಿಲ್ಲ, ತಿರುಗುವ ಫ್ಯಾನು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಳಿ ಬೀಸಿದ್ದೇ ಮರಿಗಳು ಓಡಿ ಮುದ್ದೆಯಾದವು. ಆಚಾರ್ಯರು ಶಲ್ಯ ಬಿಗಿಯಾಗಿ ಹೊದ್ದುಕೊಂಡು, ಗೋಡೆಯ ಕ್ಯಾಲೆಂಡರಿನ ಬುದ್ಧನ ಕೆಳಗೆ ಕಣ್ಣು ಮುಚ್ಚಿ ಕೂತರು. ಇಷ್ಟು ದಿನ ನಾವು ಅದನ್ನು ಧ್ಯಾನ ಎಂದುಕೊಂಡಿದ್ದೆವು. ಹತ್ತಿರ ಹೋಗಿ ನೋಡಿದರೆ ಗದ್ದ ನಡುಗುತ್ತಿತ್ತು.

"ಆಚಾರ್ರ, ನಿಮಗ ಥಂಡಿ ಆಗಾಕತ್ತಿಲ್ಲೇನ್ರಿ?"

"ಮೊದಲನೇ ದಿನದಿಂದ ಆಗ್ಲಿಕ್ಕತ್ತದ."

"ಮತ್ತ ಹೇಳಬೇಕಿಲ್ರಿ?"

"ಹಿರೇರು ಮರ್ಯಾದಿಲೆ ಹಾಕಿದ ಫ್ಯಾನ್ ಬಂದ್ ಮಾಡ್ರಿ ಅಂತ ಹ್ಯಾಂಗ ಅನ್ಲಿ?" ಎಂದರು ಆಚಾರ್ಯರು. "ಮರಿಗಳೂ ಸುಮ್ಮನ ಕೂತಿದ್ವಲ್ಲ."

ಅವರ ಕುರ್ಚಿಯನ್ನು ನಡುಮನೆಗೆ ಸಾಗಿಸಿದೆವು. ಮರಿಗಳ ಸುದ್ದಿಯನ್ನು ಅಲ್ಲಿಗೇ ತಲುಪಿಸುವುದೆಂದಾಯಿತು. ಹಿಂದಿನ ಕೋಣೆಯ ಫ್ಯಾನು ಬಿಚ್ಚಿಸಲು ಅವ್ವ ಒಪ್ಪಲಿಲ್ಲ. "ನನ್ನ ಮಂಚ ಬಂದ ಮ್ಯಾಲ ಮತ್ತ ಯಾರು ಕೂಡಸ್ತಾರ?" ಎಂದಳು.

ಕರೆಂಟು ಹೋಯಿತು

ಮರಿಗಳಿಗೆ ತಿಂಗಳು ತುಂಬುತ್ತ ಬಂತು. ಹಳದಿ ತುಪ್ಪಳ ಹೋಗಿ ಕಂದು, ಕಪ್ಪು, ಚುಕ್ಕೆ ಗರಿಗಳು ಬಂದವು. ಹಗಲಿನಲ್ಲಿ ಬಲ್ಬಿನ ಅಗತ್ಯವೂ ಉಳಿದಿರಲಿಲ್ಲ. ಆದರೂ ನನ್ನ ಹೆಂಡತಿ ಒಂದನ್ನು ಆರಿಸದೆ ಇಟ್ಟಿದ್ದಳು; ಇಷ್ಟು ದೂರ ಬಂದ ಮೇಲೆ ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜಾಲಹಳ್ಳಿಯ ಹೆಂಗಸರು ಹೇಳದೆ ಕೇಳದೆ ಬಂದರು. ಬೇರೇನೋ ಕೆಲಸಕ್ಕೆ ರಾಯಚೂರಿಗೆ ಬಂದವರು, ಹಾಗೆಯೇ ಮರಿ ನೋಡಿ ಹೋಗೋಣವೆಂದು ಇಡೀ ಗುಂಪೇ ಬಂದಿತ್ತು. ಬಂದವರು ನಡುಮನೆಯಲ್ಲಿ ನಿಲ್ಲಲಿಲ್ಲ, ನೇರ ಹಿಂದಿನ ಕೋಣೆಗೆ ಹೋಗಿ ತಗಡಿನ ಸುತ್ತ ನೆಲದ ಮೇಲೆ ಕೂತರು. ಕೋಣೆ ತುಂಬಿತು. ನನ್ನ ಹೆಂಡತಿ ಒಳಗೆ ಚಹಾಕ್ಕೆ ನೀರಿಡುತ್ತಿದ್ದಳು. ಅವ್ವನಿಗೆ ಸೊಸೆಯ ತವರಿನವರು ಬಂದ ಸಂಭ್ರಮ.

"ಬರ್ರೆವಾ, ಬರ್ರಿ, ಎಷ್ಟು ದೂರದಿಂದ ಬಂದೀರಿ," ಎನ್ನುತ್ತ ಅವಳ ಕೈ ಗೋಡೆಗೆ ಹೋಯಿತು. ಬಂದವರು ಬೇಕಾದವರಾದ್ದರಿಂದ ಫ್ಯಾನು ಐದನೇ ನಂಬರಿನಲ್ಲಿ ತಿರುಗಿತು.

ಮರಿಗಳು ಒಂದು ಸಲ ಚೀಂವ್ ಎಂದು ಕೂಗಿ, ಗರಿ ಉಬ್ಬಿಸಿಕೊಂಡು, ತಲೆ ಒಳಗೆ ತೂರಿಸಿ, ಒಂದೇ ಮುದ್ದೆಯಾದವು.

ಗುಂಪಿನ ಹಿರಿಯಳು ತಗಡಿನ ಮೇಲೆ ಬಗ್ಗಿದಳು. "ಯಾಕಬೇ ಇವು ಹಿಂಗ ಕುಂತಾವ?"

"ಜಡ್ಡು ಇರ್ಬೇಕಬೇ," ಎಂದಳು ಇನ್ನೊಬ್ಬಳು.

"ಹ್ವಾದ ಸಲನೂ ಹಿಂಗೇ ಮುದ್ದಿ ಆಗೇ ಹ್ವಾದ್ವಂತ."

"ಬಿಡಬೇ. ಬಸ್ಸಿಗಿ ಹೊತ್ತಾತು."

ಚಹಾದ ತಟ್ಟೆ ಹಿಡಿದು ಬಾಗಿಲಿಗೆ ಬಂದ ನನ್ನ ಹೆಂಡತಿ ಮರಿಗಳನ್ನು ನೋಡಿದಳು, ಮೇಲೆ ಫ್ಯಾನು ನೋಡಿದಳು. ಗುಂಡಿ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು. ಆದರೆ ಕೂತ ಅತಿಥಿಯ ತಲೆಯ ಮೇಲಿನ ಫ್ಯಾನು ಆರಿಸುವುದೆಂದರೆ ನಮ್ಮಲ್ಲಿ ಏಳ್ರಿ ಎಂದ ಹಾಗೆ. ಅದೂ ತವರಿನವರಿಗೆ. ಗಾಳಿ ಬಂದ್ ಮಾಡಿದಳಂತೆ ಎಂಬ ಮಾತು ಅವರ ಬಸ್ಸಿಗಿಂತ ಮೊದಲು ಜಾಲಹಳ್ಳಿ ಸೇರುತ್ತಿತ್ತು. ಆರಿಸಿದರೆ ಮಾನ ಹೋಗುತ್ತಿತ್ತು, ಆರಿಸದಿದ್ದರೆ ಮರಿ ಹೋಗುತ್ತಿದ್ದವು. ಗದ್ದಲ ಕೇಳಿ ಬಂದು ನಡುಮನೆಯಿಂದ ಕತ್ತು ಚಾಚಿದ್ದ ಆಚಾರ್ಯರು ಮರ್ಯಾದೆಯ ಮನುಷ್ಯರು. ಅವರು ಶಲ್ಯವನ್ನು ಇನ್ನೊಂದು ಸುತ್ತು ಸುತ್ತಿಕೊಂಡರು, ಅಷ್ಟೇ.

ಹೆಂಡತಿ ನನ್ನ ಕಡೆ ತಿರುಗಿದಳು. ಉಪ್ಪು ಕೊಡಿ ಎನ್ನುವ ದನಿಯಲ್ಲಿ ಹೇಳಿದಳು: "ಹೊರಗ ಮೀಟರ್ ಹತ್ರ ಏನೋ ಸಪ್ಪಳ ಆಗಾಕತ್ತದ. ಒಂದೀಟು ನೋಡಿ ಬರ್ರಿ."

ಸಪ್ಪಳವೇನೂ ಆಗುತ್ತಿರಲಿಲ್ಲ. ನಾನು ಹೋದೆ, ಫ್ಯೂಸು ಕಿತ್ತೆ, ಕಿಸೆಯಲ್ಲಿಟ್ಟುಕೊಂಡೆ.

ಒಳಗೆ ಬಂದಾಗ ಫ್ಯಾನು ನಿಧಾನವಾಗಿ ನಿಲ್ಲುತ್ತಿತ್ತು. "ಕರೆಂಟು ಹೋತು," ಎಂದಳು ಅವ್ವ. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಕರೆಂಟು ಹೋದರೆ ನಮ್ಮ ಕಡೆ ಯಾರೂ ಯಾರಿಗೂ ಅವಮಾನ ಮಾಡಿದಂತಾಗುವುದಿಲ್ಲ. ಅಲ್ಲಿಯ ತನಕ ಬಿಗಿಯಾಗಿ ಕೂತಿದ್ದ ಹೆಂಗಸರು ತಮ್ಮೂರಿಗೇ ಮರಳಿದವರಂತೆ ಕಾಲು ಚಾಚಿದರು, ಚಹಾ ತೆಗೆದುಕೊಂಡರು.

ಆಗ ನನಗೆ ಹೊಳೆಯಿತು, ಬಲ್ಬೂ ಆರಿದೆ ಎಂದು. ಇಷ್ಟು ದಿನ ಬಿಸಿಗಾಗಿ ಊರೂರು ತಿರುಗಿದವನು ಬಿಸಿಯ ಫ್ಯೂಸನ್ನೇ ಕಿಸೆಯಲ್ಲಿ ಇಟ್ಟುಕೊಂಡು ನಿಂತಿದ್ದೆ. ಹೆಂಡತಿ ಬಲ್ಬಿನ ಕಡೆ ನೋಡುತ್ತಿದ್ದಳು. ಅವಳಿಗೂ ಹೊಳೆದಿತ್ತು.

ಮುದ್ದೆಯಿಂದ ಒಂದು ತಲೆ ಮೇಲೆದ್ದಿತು. ಗಾಳಿ ಇಲ್ಲ. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ಕೋಣೆ ತುಂಬ ಮಂದಿ. ಇನ್ನೊಂದು ತಲೆ ಎದ್ದಿತು. ಮುದ್ದೆ ಸಡಿಲವಾಯಿತು, ಒಡೆಯಿತು, ಕಾಳು ಚೆಲ್ಲಿದ ಹಾಗೆ ತಗಡಿನ ಉದ್ದಗಲಕ್ಕೂ ಹರಡಿತು. ಒಂದು ಮರಿ ರೆಕ್ಕೆ ಬಡಿಯಿತು. ಎರಡು ಜಗಳ ತೆಗೆದವು. ಉಳಿದವು ಕಾಳಿಗೆ ಮುಗಿಬಿದ್ದವು.

ಹಿರಿಯಳು ಚಹಾದ ಬಸಿ ಕೆಳಗಿಟ್ಟಳು. ಮರಿಗಳನ್ನು ನೋಡಿದಳು, ಆರಿದ ಬಲ್ಬು ನೋಡಿದಳು, ನಿಂತ ಫ್ಯಾನು ನೋಡಿದಳು, ಮತ್ತೆ ಮರಿಗಳನ್ನು ನೋಡಿದಳು.

"ನೋಡ್ರೆಬೇ," ಎಂದಳು. "ಕರೆಂಟ್ ಇದ್ದಾಗ ಸಾಯೋರಂಗ ಕುಂತಿದ್ವು. ಕರೆಂಟ್ ಹ್ವಾದ ಕೂಡ್ಲೇ ಎದ್ದು ಉಣ್ಣಾಕತ್ತಾವ. ಇವು ನಮ್ಮೂರಿಗಿ ಹೇಳಿ ಮಾಡ್ಸಿದ ಮರಿ!"

"ಖರೇ ಬೇ," ಎಂದರು ಎಲ್ಲರೂ. "ಇಂಥಾವೇ ಬೇಕಾಗಿದ್ವು ನಮಗ."

"ಯವ್ವಾ, ಇದನ್ನ ಹ್ಯಾಂಗ ಕಲಿಸ್ದಿ ಇವಕ್ಕ?" ಎಂದು ಹಿರಿಯಳು ನನ್ನ ಹೆಂಡತಿಯ ಕೈ ಹಿಡಿದು ಕೇಳಿದಳು.

"ನಿಮ್ಮ ಅಳಿಯಾರು ಹೇಳಿಕೊಟ್ರು," ಎಂದಳು ನನ್ನ ಹೆಂಡತಿ.

ಅವ್ವ ಅತಿಥಿಗಳಿಗೆ ಸಮಾಧಾನ ಹೇಳಿದಳು: "ಇನ್ನೊಂದೀಟು ಕೂಡ್ರೆವಾ. ಕರೆಂಟ್ ಬಂದ ಕೂಡ್ಲೇ ಫ್ಯಾನ್ ಹಾಕ್ತೀನಿ."

ಅವರು ಹೋಗುವ ತನಕ ಕರೆಂಟು ಬರಲಿಲ್ಲ. ಆ ವಾರವೇ ಮರಿಗಳು ಬುಟ್ಟಿಗಳಲ್ಲಿ ಜಾಲಹಳ್ಳಿಗೆ ಹೋದವು. ದಾರಿಯಲ್ಲಿ ಒಂದೂ ಸಾಯಲಿಲ್ಲ.